ಮನೆಯೊಳಗಿನ ಕಡಲು: ಸೀಗಡಿಯ ಸಾಕಣೆಯನ್ನು ಕುರಿತು

ಸೀಗಡಿಯೆಂದರೆ ನಮ್ಮ ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕದ ಒಂದು ಚಿತ್ರ. ಕರಾವಳಿಯವರಿಗೆ ಮೀನುಪೇಟೆಯ ಒಂದು ಸರಕು. ಅದನ್ನು ಜೀವಂತವಾಗಿ, ಅದೂ ಮನೆಯ ಪಡಸಾಲೆಯ ಗಾಜಿನ ತೊಟ್ಟಿಯೊಂದರಲ್ಲಿಟ್ಟು ಸಲಹಬಹುದೆಂದು ಮೂರು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ವ್ಯಾಕರಣ ಛಂದಸ್ಸುಗಳನ್ನು ಬೋಧಿಸಿಕೊಂಡಿರುವವನಿಗೂ ಕಡಲ ಜೀವಿಗೂ ಎತ್ತಣ ನಂಟೆಂದು ವಾಚಕರು ಕೇಳುವುದು ಸಹಜ. ಆ ನಂಟನ್ನು ಬೆಸೆದವಳು ಪ್ರಾಣಿಶಾಸ್ತ್ರವನ್ನು ಓದುತ್ತಿರುವ ನನ್ನ ಕಿರಿಯ ಮಗಳು. ತೊಟ್ಟಿ ಅವಳದು, ಅವಳು ಕಾಲೇಜಿಗೆ ಹೋದ ಮೇಲೆ ಅದರ ಯೋಗಕ್ಷೇಮ ಮನೆಯವರೆಲ್ಲರದು. ಈ ಅವಧಿಯಲ್ಲಿ ನಾವು ನಾಲ್ಕು ಸೀಗಡಿಗಳನ್ನು ಕಳೆದುಕೊಂಡೆವು. ಎರಡರ ಸಾವಿಗೆ ನಮ್ಮ ಅವಸರ ಕಾರಣವಾದರೆ, ಮತ್ತೆರಡರ ಸಾವಿಗೆ ನಮ್ಮ ಮನೆಯ ಅತ್ಯಂತ ಶುದ್ಧವಾದ ನೀರೇ ಕಾರಣವಾಯಿತು. ಅದರ ವೃತ್ತಾಂತವು ಮುಂದೆ ಬರುತ್ತದೆ.

ಮೊದಲು ಹೆಸರಿನ ವಿಚಾರ. ನಾವು ಸೀಗಡಿಯೆನ್ನುವುದನ್ನು ತುಳುವರು ‘ಎಟ್ಟಿ’ ಎನ್ನುತ್ತಾರೆ. ಕುಂದಾಪುರದ ಕಡೆ ‘ಚಟ್ಲಿ’ ಎಂಬ ಮಾತುಂಟು. ಮಲೆಯಾಳಿಗಳ ‘ಚೆಮ್ಮೀನ್’ ಎಂಬ ಶಬ್ದವನ್ನು ಬಿಡಿಸಿದರೆ ಕೆಂಪು ಮೀನು ಎಂದಾಗುತ್ತದೆ. ಕೆಂಪು ಸರಿ, ಆದರೆ ಮೀನಲ್ಲ. ಮೀನಿಗೆ ಬೆನ್ನೆಲುಬುಂಟು, ಸೀಗಡಿಗಿಲ್ಲ. ಅದರ ಅಸ್ಥಿಪಂಜರವೇ ಹೊರಗಿನ ಕವಚ. ಏಡಿಯೂ ಸೀಗಡಿಯೂ ಹತ್ತು ಕಾಲುಗಳ ‘ದಶಪಾದಿ’ ವರ್ಗಕ್ಕೆ ಸೇರಿದ ದಾಯಾದಿಗಳು. ಈ ಭೇದವು ಬರಿಯ ಶಬ್ದಜಿಜ್ಞಾಸೆಯಲ್ಲ. ಮೀನಿಗೆ ಹಿಡಿಸಿದ್ದು ಸೀಗಡಿಗೂ ಹಿಡಿಸುವುದೆಂಬ ಭ್ರಮೆಯಿಂದಲೇ ಸಾಕುವವರ ಮನೆಗಳಲ್ಲಿ ಬಹುಪಾಲು ಸೀಗಡಿಗಳು ಸಾಯುತ್ತವೆ.

ನಮ್ಮ ಮನೆಗೆ ಬಂದ ಜಾತಿಯನ್ನು ಶಾಸ್ತ್ರಜ್ಞರು ಲಿಸ್ಮಾಟಾ ಅಂಬೊಯ್ನೆನ್ಸಿಸ್ ಎಂದು ಕರೆಯುತ್ತಾರೆ. ಇಂಡೋನೇಷ್ಯದ ಅಂಬೊಯ್ನಾ ದ್ವೀಪದಿಂದ ಬಂದ ಹೆಸರು. ಹಿಂದೂ ಮಹಾಸಾಗರ, ಪೆಸಿಫಿಕ್ ಸಾಗರಗಳ ಹವಳದ ದಿಬ್ಬಗಳು ಅದರ ತವರು. ಕಿರುಬೆರಳಿನಷ್ಟು ಉದ್ದ, ಬೆನ್ನ ಮೇಲೆ ಕಡುಗೆಂಪು ಪಟ್ಟಿ, ಆ ಕೆಂಪಿನ ನಟ್ಟನಡುವೆ ತಲೆಯಿಂದ ಬಾಲದವರೆಗೆ ಎಳೆದ ಬಿಳಿಯ ಗೆರೆ, ದೇಹಕ್ಕಿಂತಲೂ ನೀಳವಾದ ಬೆಳ್ಳಗಿನ ಮೀಸೆಗಳು. ಇದರ ವೃತ್ತಿ ಕ್ಷೌರಿಕನದು. ಬಂಡೆಯ ಮೇಲೆ ನಿಂತು ಮೀಸೆಯನ್ನು ಬೀಸುತ್ತಿದ್ದರೆ ಮೀನುಗಳು ತಾವಾಗಿಯೇ ಬಂದು ಮೈಯೊಡ್ಡಿ ನಿಲ್ಲುತ್ತವೆ. ಅವುಗಳ ಚರ್ಮಕ್ಕೆ ಹತ್ತಿದ ಪರೋಪಜೀವಿಗಳನ್ನೂ ಸತ್ತ ಚರ್ಮವನ್ನೂ ಇದು ಕಿತ್ತು ತಿನ್ನುತ್ತದೆ. ಹಾವುಮೀನಿನಂಥ ಹಿಂಸ್ರಜೀವಿಯೂ ಬಾಯ್ದೆರೆದು ನಿಂತು, ಹಲ್ಲುಗಳ ನಡುವೆ ಈ ಪುಟ್ಟ ಪ್ರಾಣಿ ಓಡಾಡುತ್ತಿದ್ದರೂ ಬಾಯಿ ಮುಚ್ಚದು. ಮಗಳು ತೊಟ್ಟಿಯೊಳಗೆ ಕೈಯಿಟ್ಟಾಗ ಅದು ಅವಳ ಉಗುರಿನ ಅಂಚನ್ನು ಶುಚಿಗೊಳಿಸತೊಡಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ನೀರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಇದನ್ನು ಕೇಳಿ ಅಡುಗೆಯುಪ್ಪನ್ನು ಕಲಸಿದರೆ ಸಾಕಲ್ಲವೆ ಎಂದು ನಾನು ಮೊದಲು ಕೇಳಿದ್ದುಂಟು. ಸಾಲದು. ಕಡಲಿನ ಲವಣದಲ್ಲಿ ಸೋಡಿಯಂ, ಕ್ಲೋರೈಡುಗಳೇ ಪ್ರಧಾನವಾದರೂ, ಲೀಟರಿಗೆ 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ, ಅಷ್ಟೇ ಪೊಟ್ಯಾಸಿಯಂ, 2.7 ಗ್ರಾಂ ಸಲ್ಫೇಟು ಕೂಡಿರುತ್ತವೆ. ಇವಿಲ್ಲದ ನೀರಿನಲ್ಲಿ ಸೀಗಡಿ ಬದುಕಲಾರದು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು 1854ರಷ್ಟು ಹಿಂದೆಯೇ ಇಂಥ ಕೆಲವು ಲವಣಗಳನ್ನು ಬೆರೆಸಿ ಕೃತಕ ಸಮುದ್ರಜಲವನ್ನು ಸಿದ್ಧಪಡಿಸಿದ್ದನು. ಈಗ ಅಂತಹ ಮಿಶ್ರಣವು ಪೊಟ್ಟಣಗಳಲ್ಲಿ ಸಿದ್ಧವಾಗಿಯೇ ದೊರೆಯುತ್ತದೆ. ನಮ್ಮದು 100 ಲೀಟರ್ ನೀರು ಹಿಡಿಯುವ ತೊಟ್ಟಿ. ಅದಕ್ಕೆ ಮೂರೂವರೆ ಕಿಲೋಗ್ರಾಂ ಲವಣ. ಅದನ್ನು ಬೇರೊಂದು ಪಾತ್ರೆಯಲ್ಲಿ ಒಂದು ದಿನ ಕದಡಿ, ಸಾಂದ್ರತಾಮಾಪಕದಿಂದ ಅಳೆದು, 1.025ರ ಆಸುಪಾಸಿನಲ್ಲಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ತೊಟ್ಟಿಗೆ ಹಾಕಬೇಕು. ಉಪ್ಪಿಗೆ ಬೆರೆಸುವ ನೀರೂ ಸಾಮಾನ್ಯದ್ದಾಗಬಾರದು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಉಂಟು. ನಮ್ಮ ಕೊಳವೆಬಾವಿಗಳ ನೀರು ಗಡಸು, ಹಲವೆಡೆ ನೈಟ್ರೇಟನ್ನೂ ಹೊತ್ತು ತರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಡಬ್ಬಿಯಲ್ಲಿ ತಂದ ಸೋಸಿದ ನೀರೇ ನಮಗೆ ಅನುಕೂಲವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ತೊಟ್ಟಿಯ ನೀರು ದಿನದಿನಕ್ಕೆ ಆವಿಯಾಗಿ ಇಳಿಯುತ್ತದೆ. ಆದರೆ ಆವಿಯಾಗುವುದು ನೀರೇ ಹೊರತು ಉಪ್ಪಲ್ಲ. 100 ಲೀಟರಿನಲ್ಲಿ 5 ಲೀಟರ್ ಆವಿಯಾದರೆ, ಉಳಿದ 95 ಲೀಟರಿನಲ್ಲಿ ಅದೇ 3,500 ಗ್ರಾಂ ಲವಣ. ಎಂದರೆ ಲೀಟರಿಗೆ ಹೆಚ್ಚುಕಡಿಮೆ 37 ಗ್ರಾಂ. ಇಳಿದ ನೀರನ್ನು ಉಪ್ಪುನೀರಿನಿಂದಲೇ ತುಂಬಿದರೆ ಲವಣವು ವಾರವಾರಕ್ಕೂ ಏರುತ್ತ ಹೋಗುತ್ತದೆ. ಆದಕಾರಣ ಇಳಿದಷ್ಟನ್ನು ಸಿಹಿನೀರಿನಿಂದಲೇ ತುಂಬತಕ್ಕದ್ದು. ಗಾಜಿನ ಮೇಲೆ ಒಂದು ಗೆರೆ ಎಳೆದು, ಪ್ರತಿದಿನವೂ ಆ ಗೆರೆಗೆ ತಂದು ನಿಲ್ಲಿಸುವುದು ಉತ್ತಮ. ಇದಲ್ಲದೆ ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ತೆಗೆದು, ಅಷ್ಟೇ ಹೊಸ ಉಪ್ಪುನೀರನ್ನು ಹಾಕುವುದು ಬೇರೆಯ ಕೆಲಸ. ಇವೆರಡನ್ನು ಒಂದರೊಡನೊಂದು ಬೆರೆಸಿಕೊಳ್ಳಬಾರದು.

ನೀರು ಸಿದ್ಧವಾದೊಡನೆ ಪ್ರಾಣಿಯನ್ನು ಬಿಡಬಹುದೇ? ಬಿಡಬಾರದು. ಪ್ರಾಣಿಗಳ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಘೋರ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಜೀವಿಗಳು ಕಲ್ಲು ಮರಳುಗಳಲ್ಲಿ ನೆಲೆಗೊಳ್ಳಬೇಕು. ಹಾಲಿಗೆ ಹೆಪ್ಪು ಹಾಕಿದಂತೆ, ಈಗಾಗಲೇ ನಡೆಯುತ್ತಿರುವ ಬೇರೊಂದು ತೊಟ್ಟಿಯ ಸ್ಪಂಜಿನ ತುಂಡೊಂದನ್ನು ತಂದಿಟ್ಟು, ದಿನಕ್ಕೊಂದು ಚಿಟಿಕೆ ಆಹಾರವನ್ನು ಉದುರಿಸುತ್ತ ನಾಲ್ಕರಿಂದ ಆರು ವಾರ ಕಾಯಬೇಕು. ಹಾಲು ಒಂದು ರಾತ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಕಡಲಿಗೆ ಒಂದು ಮಾಸ ಬೇಕು. ಪರೀಕ್ಷಿಸಿದಾಗ ಅಮೋನಿಯಾ, ನೈಟ್ರೈಟುಗಳೆರಡೂ ಶೂನ್ಯವೆಂದು ಕಂಡ ಮೇಲೆಯೇ ಜೀವಿಗಳಿಗೆ ಪ್ರವೇಶ. ವಿದೇಶಗಳಲ್ಲಿ ಇದಕ್ಕಾಗಿ ಹವಳದ ದಿಬ್ಬದಿಂದ ತೆಗೆದ ‘ಜೀವಶಿಲೆ’ಯನ್ನು ಬಳಸುವುದುಂಟು. ನಮ್ಮಲ್ಲಿ ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಗಿದೆ. ಅಂಗಡಿಯವನು ಕೊಟ್ಟರೂ ಕೊಳ್ಳಕೂಡದು. ಕೃತಕವಾಗಿ ತಯಾರಿಸಿದ ರಂಧ್ರಯುಕ್ತ ಕಲ್ಲುಗಳು ಅದೇ ಕೆಲಸವನ್ನು ಮಾಡುತ್ತವೆ.

ನಮ್ಮ ಮೊದಲ ಜೋಡಿ ಬೆಂಗಳೂರಿನಿಂದ ರಾತ್ರಿಯ ಬಸ್ಸಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಬಂದಿತು. ಚೀಲವನ್ನು ಹತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಸುರಿದರೆ ಸಾಕೆಂದು ಮಾರಿದವರು ತಿಳಿಸಿದ್ದರು. ಹಾಗೆಯೇ ಮಾಡಿದೆವು. ಎರಡನೆಯ ದಿನ ಎರಡೂ ಮಗ್ಗುಲಾದವು. ಕಾರಣವು ಸರಳ. ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಸವರಿದರೆ ಹೋಳು ನೀರುಬಿಡುತ್ತದೆ; ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುತ್ತದೆ. ಹೊರಗಿನ ಲವಣಕ್ಕೂ ಒಳಗಿನ ಲವಣಕ್ಕೂ ವ್ಯತ್ಯಾಸವಿದ್ದಾಗ ನೀರು ಒಂದೆಡೆಯಿಂದ ಮತ್ತೊಂದೆಡೆಗೆ ನುಸುಳುವುದೇ ಇದಕ್ಕೆ ಮೂಲ. ಹವಳದ ದಿಬ್ಬದ ಮೇಲೆ ವರ್ಷವಿಡೀ ಒಂದೇ ಉಪ್ಪಿನ ನೀರು. ಅಲ್ಲಿಯ ಸೀಗಡಿಗೆ ಥಟ್ಟನೆ ಬದಲಾಗುವ ಲವಣವನ್ನು ತಾಳಿಕೊಳ್ಳುವ ಶಕ್ತಿ ಬಹಳ ಕಡಿಮೆ. ಅಂದು ನಾವು ಚೀಲದ ನೀರನ್ನು ಅಳೆದೇ ಇರಲಿಲ್ಲ.

ಎರಡನೆಯ ಬಾರಿ ಮಗಳು ಔಷಧದಂಗಡಿಯಿಂದ ಗ್ಲೂಕೋಸ್ ಏರಿಸುವ ನಳಿಕೆಯನ್ನು ತಂದಳು. ಚೀಲದ ನೀರಿನೊಡನೆ ಸೀಗಡಿಗಳನ್ನು ಬಕೆಟ್ಟಿಗೆ ಬಿಟ್ಟು, ತೊಟ್ಟಿಯ ನೀರನ್ನು ಕ್ಷಣಕ್ಕೆ ಎರಡು ಮೂರು ಹನಿಯಂತೆ ಇಳಿಬಿಟ್ಟಳು. ಬಕೆಟ್ಟಿನ ನೀರು ಎರಡರಷ್ಟಾದಾಗ ಅರ್ಧವನ್ನು ಚೆಲ್ಲಿ, ಮತ್ತೆ ಎರಡರಷ್ಟಾಗುವವರೆಗೆ ಕಾದು, ಒಂದು ಗಂಟೆಯ ತರುವಾಯ ಪ್ರಾಣಿಗಳನ್ನು ಮಾತ್ರ ಎತ್ತಿ ಒಳಬಿಟ್ಟಳು. ಬಕೆಟ್ಟಿನ ನೀರನ್ನು ಒಳಗೆ ಸೇರಿಸಲಿಲ್ಲ. ಗಂಟೆಗಟ್ಟಲೆ ಎಳೆಯುವುದೂ ತರವಲ್ಲವಂತೆ. ಪ್ರಯಾಣದಲ್ಲಿ ಚೀಲದೊಳಗೆ ಅಮೋನಿಯಾ ಕೂಡಿಕೊಂಡಿರುತ್ತದೆ. ಚೀಲ ಬಿಚ್ಚಿ ಗಾಳಿ ತಗುಲಿದ ಮೇಲೆ ನೀರಿನ ಆಮ್ಲಗುಣ ಇಳಿದು, ಆ ಅಮೋನಿಯಾ ಹೆಚ್ಚು ವಿಷಕರವಾಗುತ್ತದೆ.

ಈ ಜೋಡಿ ಎರಡು ತಿಂಗಳು ಚೆನ್ನಾಗಿತ್ತು. ಅನಂತರ ತೊಟ್ಟಿಯಲ್ಲಿದ್ದ ಬಸವನಹುಳು ಮೊದಲು ಸತ್ತಿತು. ವಾರದೊಳಗೆ ಒಂದು ಸೀಗಡಿ, ಮೂರು ದಿನ ಬಿಟ್ಟು ಇನ್ನೊಂದು. ವಿಚಿತ್ರವೆಂದರೆ, ಅದೇ ನೀರಿನಲ್ಲಿದ್ದ ಎರಡು ಮೀನುಗಳು ಲವಲವಿಕೆಯಿಂದಲೇ ಇದ್ದವು. ಲವಣ ಸರಿಯಿತ್ತು, ಅಮೋನಿಯಾ ಇರಲಿಲ್ಲ, ಉಷ್ಣತೆಯೂ ಏರಿರಲಿಲ್ಲ. ಮಗಳು ತನ್ನ ಅಧ್ಯಾಪಕರ ಮುಂದೆ ಇದನ್ನೆಲ್ಲ ಒಪ್ಪಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಆವಿಯಾದಷ್ಟು ನೀರನ್ನು ದಿನವೂ ತುಂಬುತ್ತೀರಲ್ಲ, ಅದನ್ನು ಯಾವ ಪಾತ್ರೆಯಲ್ಲಿ ಇಡುತ್ತೀರಿ?”

ಅವಳು ಕಾಲೇಜಿಗೆ ಹೋದಾಗ ಗೆರೆಯವರೆಗೆ ನೀರು ತುಂಬುತ್ತಿದ್ದವರು ನಮ್ಮ ತಾಯಿಯವರು. ಎಂಬತ್ತು ದಾಟಿದವರು. ಪ್ಲಾಸ್ಟಿಕ್ ಡಬ್ಬಿಯ ನೀರು ಜೀವವುಳ್ಳದ್ದಕ್ಕೆ ಹಿತವಲ್ಲವೆಂಬುದು ಅವರ ನಿಶ್ಚಿತಾಭಿಪ್ರಾಯ. ಆದ್ದರಿಂದ ಅದನ್ನು ಹುಣಿಸೆಹಣ್ಣಿನಿಂದ ಫಳಫಳನೆ ಬೆಳಗಿದ ತಾಮ್ರದ ಕೊಡಕ್ಕೆ ಬಗ್ಗಿಸಿ, ರಾತ್ರಿಯೆಲ್ಲ ಇಟ್ಟು, ಬೆಳಗ್ಗೆ ಸ್ನಾನ ಮುಗಿಸಿ ಬಂದು ಒಂದು ಚೊಂಬು ಹಾಕುತ್ತಿದ್ದರು. ನಾವೆಲ್ಲರೂ ಕುಡಿಯುವುದೂ ಆ ಕೊಡದ ನೀರನ್ನೇ.

ತಾಮ್ರದ ಪಾತ್ರೆಯಲ್ಲಿಟ್ಟ ನೀರಿಗೆ ಅತ್ಯಲ್ಪ ಪ್ರಮಾಣದ ತಾಮ್ರ ಇಳಿಯುತ್ತದೆ. ಅಷ್ಟು ಮನುಷ್ಯನಿಗೆ ಬಾಧಕವಲ್ಲ; ಮೀನೂ ಒಂದು ಮಿತಿಯವರೆಗೆ ತಡೆದುಕೊಳ್ಳುತ್ತದೆ. ಕಡಲ ಮೀನಿಗೆ ಬರುವ ಬಿಳಿಚುಕ್ಕೆಯ ರೋಗಕ್ಕೆ ತಾಮ್ರದ ಲವಣವೇ ಔಷಧ. ಆದರೆ ಬೆನ್ನೆಲುಬಿಲ್ಲದ ಕಡಲ ಜೀವಿಗಳಿಗೆ ಅದು ಕಾಲಕೂಟ. ಕಿವಿರುಗಳಿಗೆ ಅಂಟಿ, ಉಸಿರಾಟವನ್ನೂ ದೇಹದ ಲವಣಸಮತೆಯನ್ನೂ ಕೆಡಿಸುತ್ತದೆ. ಸ್ವಾರಸ್ಯವೆಂದರೆ ಸೀಗಡಿಯ ರಕ್ತವೇ ತಾಮ್ರಮಯ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ಕಬ್ಬಿಣವುಳ್ಳ ಹೀಮೋಗ್ಲೋಬಿನ್ ಆದರೆ, ಅದರಲ್ಲಿ ತಾಮ್ರವುಳ್ಳ ಹೀಮೋಸಯನಿನ್. ಆದುದರಿಂದಲೇ ಅದರ ರಕ್ತಕ್ಕೆ ನಸುನೀಲಿಯ ಛಾಯೆ. ಒಳಗೆ ಪ್ರೋಟೀನಿನಲ್ಲಿ ಬಂಧಿತವಾಗಿ ಪ್ರಾಣಾಧಾರವಾಗಿರುವ ಲೋಹವೇ ಹೊರಗೆ ನೀರಿನಲ್ಲಿ ಬಿಡಿಯಾಗಿ ನಿಂತಾಗ ಪ್ರಾಣಾಂತಕ. ಒಂದು ಚೊಂಬಿನಿಂದ ಏನಾದೀತು ಎನ್ನಬಹುದು. ಮೇಲೆ ಲವಣದ ಬಗ್ಗೆ ಹೇಳಿದ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸಿ ನೋಡಿ: ನೀರು ಆವಿಯಾಗುತ್ತದೆ, ತಾಮ್ರ ಆವಿಯಾಗದು. ಅರುವತ್ತು ದಿನಗಳ ಅರುವತ್ತು ಚೊಂಬುಗಳ ತಾಮ್ರವೂ ತೊಟ್ಟಿಯಲ್ಲೇ ಕೂಡಿಕೊಂಡಿತ್ತು. ಪರೀಕ್ಷಾದ್ರವವನ್ನು ತರಿಸಿ ನೋಡಿದಾಗ ಬಣ್ಣ ತಿರುಗಿತು.

ಇದನ್ನು ತಾಯಿಯವರಿಗೆ ಹೇಳುವುದು ಹೇಗೆಂಬುದೇ ನಮಗೆ ದೊಡ್ಡ ಚಿಂತೆಯಾಯಿತು. ಹೇಳದೆ ಮುಚ್ಚಿಡೋಣವೆಂದು ನಾನು ಸೂಚಿಸಿದೆ. ಅದು ತಪ್ಪೆಂದು ಮಗಳ ವಾದ. ಹೇಳದಿದ್ದರೆ ನಾಳೆಯೂ ಅದೇ ನೀರು ಬೀಳುತ್ತದೆ. ಕೊನೆಗೆ ಅವಳೇ ಅಜ್ಜಿಯ ಪಕ್ಕ ಕುಳಿತು, ತಾಮ್ರದ ಗುಣವನ್ನೂ ಸೀಗಡಿಯ ಕಿವಿರನ್ನೂ ವಿವರಿಸಿದಳು. ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾ ಹಾಕಿದ್ದ ನೀರs ಅವಕ್ಕ ವಿಷ ಆತೇನವಾ?” ಎಂದರು. ಎರಡು ದಿನ ಪಡಸಾಲೆಯ ಆ ಮೂಲೆಗೆ ಸುಳಿಯಲಿಲ್ಲ. ಮೂರನೆಯ ದಿನ ಒಳಗಿನಿಂದ ಒಂದು ಸ್ಟೀಲಿನ ಡಬರಿಯನ್ನು ತಂದು, ಅದಕ್ಕೆ ಕೆಂಪು ದಾರ ಕಟ್ಟಿ, “ಇದು ಅವುಗಳ ಪಾತ್ರೆ, ಬ್ಯಾರೆ ಯಾರೂ ಮುಟ್ಟಬ್ಯಾಡ್ರಿ” ಎಂದು ತೊಟ್ಟಿಯ ಬಳಿ ಇಟ್ಟರು.

ನೀರನ್ನು ಚೆಲ್ಲಿದರಷ್ಟೇ ಸಾಲದು. ಸುಣ್ಣದ ಅಂಶವಿರುವ ಕಲ್ಲು ಮರಳುಗಳು ತಾಮ್ರವನ್ನು ಹೀರಿಟ್ಟುಕೊಂಡು, ಮುಂದೆ ಮೆಲ್ಲಮೆಲ್ಲನೆ ಬಿಡುತ್ತಿರುತ್ತವೆ. ಆದ್ದರಿಂದ ಅವನ್ನೂ ತೆಗೆದುಹಾಕಿ, ಗಾಜನ್ನು ತೊಳೆದು, ಹೊಸತಾಗಿ ಹೂಡಿ ಮತ್ತೆ ಆರು ವಾರ ಕಾದೆವು. ಮೀನಿಗೆ ಔಷಧ ಹಾಕುವವರು ಅದರ ಶೀಶೆಯ ಮೇಲೆ ತಾಮ್ರದ ಉಲ್ಲೇಖವಿದೆಯೇ ಎಂದು ಓದಿ, ರೋಗಿಯನ್ನು ಬೇರೆ ತೊಟ್ಟಿಗೆ ಒಯ್ದು ಚಿಕಿತ್ಸೆ ಮಾಡಬೇಕು.

ಮೂರನೆಯ ಜೋಡಿ ಬಂದ ತಿಂಗಳಿಗೆ ಮನೆಯಲ್ಲಿ ಮತ್ತೊಮ್ಮೆ ಹಾಹಾಕಾರ. ಬೆಳಗ್ಗೆ ನೋಡಿದರೆ ಒಂದು ಸೀಗಡಿ ತಳದಲ್ಲಿ ಬಿದ್ದಿದೆ: ಮೀಸೆ, ಕಾಲು, ಕಣ್ಣಿನ ಪೊರೆ ಸಹಿತ. ತಾಯಿಯವರ ಮುಖ ಬಾಡಿತು. ಮಗಳು ಚಿಮಟದಿಂದ ಎತ್ತಿ ತೋರಿಸಿದಳು. ಒಳಗೆ ಏನೂ ಇರಲಿಲ್ಲ. ಹಾವು ಪೊರೆ ಬಿಡುವಂತೆ ಸೀಗಡಿ ಕವಚವನ್ನು ಕಳಚಿತ್ತು. ಕವಚ ಬೆಳೆಯದು, ಒಳಗಿನ ದೇಹ ಬೆಳೆಯುತ್ತದೆ. ಆದಕಾರಣ ಕೆಲವು ವಾರಗಳಿಗೊಮ್ಮೆ ಹಳೆಯದನ್ನು ಬಿಟ್ಟು ಹೊಸದನ್ನು ತಳೆಯುವುದು ಅದಕ್ಕೆ ಅನಿವಾರ್ಯ. ಹೊಸ ಕವಚ ಗಟ್ಟಿಯಾಗುವವರೆಗೆ ಒಂದೆರಡು ದಿನ ಅದು ಕಲ್ಲಿನ ಸಂದಿಯಲ್ಲಿ ಅವಿತಿರುತ್ತದೆ. ಆಗ ಹುಡುಕಿ ತೆಗೆಯುವುದಾಗಲಿ, ಕಲ್ಲು ಸರಿಸುವುದಾಗಲಿ ಕೂಡದು. ಮೀನುಗಳಲ್ಲಿ ಕೆಲವು ಆ ಸಮಯವನ್ನೇ ಕಾದು ಮೆತ್ತಗಿರುವ ಸೀಗಡಿಯನ್ನು ನುಂಗುವುದುಂಟು; ಜೊತೆಯ ಮೀನುಗಳನ್ನು ಆರಿಸುವಾಗ ಇದನ್ನು ನೆನೆಯಬೇಕು. ಲವಣ ಥಟ್ಟನೆ ಏರುಪೇರಾದರೆ ಅಕಾಲದಲ್ಲಿ ಪೊರೆ ಬಿಡುವ ಪ್ರಮಾದವೂ ಉಂಟು. ಇದಕ್ಕೆಂದು ಅಯೋಡಿನ್ ಹನಿಗಳನ್ನು ಮಾರುತ್ತಾರೆ. ಅದರ ಅವಶ್ಯಕತೆಯ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ, ನಾವು ಹಾಕಿಲ್ಲ. ವಾರವಾರದ ಹೊಸ ನೀರೇ ಬೇಕಾದ ಖನಿಜಗಳನ್ನು ತರುತ್ತದೆ.

ಆಹಾರದ ವಿಷಯದಲ್ಲಿ ನಮ್ಮಂಥ ಮನೆಗಳಲ್ಲಿ ಸಂಕೋಚ ಸಹಜ. ಸೀಗಡಿ ಸಸ್ಯಾಹಾರಿಯಲ್ಲ. ಹೆಪ್ಪುಗಟ್ಟಿಸಿದ ಕಿರುಜೀವಿಗಳನ್ನು ಹಾಲು ಮೊಸರಿನ ಪಕ್ಕದಲ್ಲಿ ಇಡಲು ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಒಣಗುಳಿಗೆಗಳಲ್ಲಿಯೂ ಮೀನಿನ ಹಿಟ್ಟು ಇರುವುದು ನಿಜ. ಆ ಡಬ್ಬಿಯು ಅಡುಗೆಮನೆಯಿಂದ ಹೊರಗೆ, ಪಡಸಾಲೆಯ ಗೂಡಿನಲ್ಲಿದೆ. ದಿನಕ್ಕೊಂದು ಗುಳಿಗೆ, ಅದೂ ಅದು ತಿಂದು ಮುಗಿಸುವಷ್ಟು. ಮೀನುಗಳ ಮೈಯಿಂದ ಕಿತ್ತು ತಿಂದೇ ಅದು ಬದುಕೀತೆಂದು ಉಪವಾಸ ಕೆಡಹುವುದೂ, ಕಕ್ಕುಲಾತಿಯಿಂದ ಮುಷ್ಟಿತುಂಬ ಸುರಿದು ನೀರನ್ನು ಕೊಳೆಯಿಸುವುದೂ ಎರಡೂ ದೋಷವೇ.

ನಮ್ಮ ಸೀಮೆಯಲ್ಲಿ ಇವಕ್ಕೆ ನಿಜವಾದ ಶತ್ರು ಚೈತ್ರ ವೈಶಾಖಗಳ ಬಿಸಿಲು. ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರುವುದು ಕ್ಷೇಮ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಪ್ರಾಣವಾಯು ಕಡಿಮೆ. ತಂಪುಗೊಳಿಸುವ ಯಂತ್ರದ ಬೆಲೆ ನಮಗೆ ಎಟುಕುವಂಥದಲ್ಲ. ನೀರಿನ ಮೇಲ್ಮೈಗೆ ತಾಗುವಂತೆ ಚಿಕ್ಕ ಬೀಸಣಿಗೆಯಂತ್ರವನ್ನು ಇರಿಸಿದ್ದೇವೆ. ಮಣ್ಣಿನ ಹೂಜಿ ತಂಪಾಗುವ ತತ್ತ್ವವೇ ಇಲ್ಲಿಯೂ ನಡೆದು ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯೂ ಹೆಚ್ಚುವುದರಿಂದ ಗೆರೆಯನ್ನು ಹೊತ್ತಿಗೊಮ್ಮೆ ನೋಡಬೇಕು. ವಿದ್ಯುತ್ತು ಹೋದರೆ ಬ್ಯಾಟರಿಯ ಗಾಳಿಯಂತ್ರ. ಅದೂ ಕೈಕೊಟ್ಟ ಒಂದು ರಾತ್ರಿ ನಾನೂ ಮಗಳೂ ಸರದಿಯಂತೆ ತಂಬಿಗೆಯಿಂದ ನೀರನ್ನು ಎತ್ತಿ ಎತ್ತಿ ಸುರಿದೆವು. ತಂಬಿಗೆ ಸ್ಟೀಲಿನದು ಎಂಬುದನ್ನು ಹೇಳಬೇಕಾಗಿಲ್ಲ. ಲಂಡನ್ನಿನ ಅನ್ನಾ ಥಿನ್ ಎಂಬಾಕೆ 1846ರಲ್ಲಿ ಕಡಲಿನ ಹವಳಜೀವಿಗಳನ್ನು ಮನೆಗೆ ತಂದು ಸಾಕಿದಾಗ, ಸೇವಕಿಯೊಬ್ಬಳು ತೆರೆದ ಕಿಟಕಿಯ ಬಳಿ ಕುಳಿತು ನೀರನ್ನು ಹೀಗೆಯೇ ಮತ್ತೆ ಮತ್ತೆ ಹೊಯ್ದು ಗಾಳಿಯಾಡಿಸುತ್ತಿದ್ದಳೆಂದು ಆಮೇಲೆ ಓದಿ ತಿಳಿದೆ.

ಬೇರೆ ಜಾತಿಗಳ ಮಾತನ್ನು ವಿಸ್ತರಿಸಲು ಸ್ಥಳವಿಲ್ಲ. ಕೆಂಪು ಬಿಳಿ ಪಟ್ಟೆಗಳ ಸ್ಟೆನೋಪಸ್ ಎಂಬುದು ಗಂಡುಹೆಣ್ಣಿನ ಜೋಡಿಯಾದರೆ ಸಾಮರಸ್ಯದಿಂದಿದ್ದು, ಒಂದೇ ಲಿಂಗದವಾದರೆ ಕಾದಾಡಿ ಸಾಯುತ್ತದೆ. ಹಾರ್ಲೆಕ್ವಿನ್ ಸೀಗಡಿ ನಕ್ಷತ್ರಮೀನಿನ ಹೊರತು ಬೇರೇನನ್ನೂ ತಿನ್ನದಾದ್ದರಿಂದ ಗೃಹಸ್ಥರಿಗೆ ಸಲ್ಲದು. ಚಿಟಿಕೆ ಹೊಡೆಯುವ ಆಲ್ಫಿಯಸ್ ಸೀಗಡಿಯ ಸದ್ದು ಕೊಂಡಿಗಳ ಬಡಿತದ್ದಲ್ಲ, ಆ ರಭಸಕ್ಕೆ ಹುಟ್ಟಿದ ಗುಳ್ಳೆ ಒಡೆಯುವುದರದೆಂದು ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು 2000ದಲ್ಲಿ ತೋರಿಸಿಕೊಟ್ಟರು. ಕಣ್ಣು ಮಂದವಾದ ಈ ಪ್ರಾಣಿ ಬಿಲವನ್ನು ತೋಡುತ್ತದೆ. ಗೋಬಿ ಎಂಬ ಮೀನು ಬಾಗಿಲಲ್ಲಿ ಕಾವಲಿರುತ್ತದೆ. ಸೀಗಡಿ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಹೊರಬರುತ್ತದೆ.

ನಮ್ಮ ಮೂರನೆಯ ಜೋಡಿಗೆ ಈಗ ಒಂದೂವರೆ ವರ್ಷ. ಈ ಜಾತಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಎಳೆಯದರಲ್ಲಿ ಗಂಡಾಗಿದ್ದು, ಬೆಳೆದ ಮೇಲೆ ಪ್ರತಿಯೊಂದೂ ಏಕಕಾಲದಲ್ಲಿ ಗಂಡೂ ಹೌದು, ಹೆಣ್ಣೂ ಹೌದು. ಪೊರೆ ಬಿಟ್ಟದ್ದು ಆ ಸಲ ತಾಯಿಯಾಗುತ್ತದೆ. ಮುಂದೆ ಇನ್ನೊಂದರ ಸರದಿ. ನಪುಂಸಕಲಿಂಗವೆಂದು ವ್ಯಾಕರಣದಲ್ಲಿ ಹೇಳುವುದು ಇದಕ್ಕೆ ಹೊಂದದು, ಉಭಯಲಿಂಗವೆನ್ನಬೇಕು. ಮೂರು ನಾಲ್ಕನ್ನು ಒಟ್ಟಿಗಿಟ್ಟರೆ ಹೆಚ್ಚಿನವನ್ನು ಕೊಂದು ಕೊನೆಗೆ ಎರಡೇ ಉಳಿಯುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದ್ದರಿಂದ ಜೋಡಿಗಿಂತ ಹೆಚ್ಚನ್ನು ತರಬಾರದು. ಹೊಟ್ಟೆಯಡಿಯ ಈಜುಗಾಲುಗಳ ನಡುವೆ ನಸುಹಸುರಿನ ಮೊಟ್ಟೆಗಳ ಗೊಂಚಲನ್ನು ಎರಡು ವಾರ ಹೊತ್ತು, ಗಾಳಿಯಾಡಿಸುತ್ತ, ದೀಪ ಆರಿದ ಮೇಲೆ ರಾತ್ರಿಯಲ್ಲಿ ಮರಿಗಳನ್ನು ಬಿಡುತ್ತದೆ. ಸೂಜಿಮೊನೆಯಂಥ ಆ ಮರಿಗಳು ತಿಂಗಳುಗಟ್ಟಲೆ ತೇಲುತ್ತ ಹಲವು ರೂಪಗಳನ್ನು ದಾಟಿ ಸೀಗಡಿಗಳಾಗಬೇಕು. ಮನೆಯ ತೊಟ್ಟಿಯಲ್ಲಿ ಮೀನಿನ ಬಾಯಿಗೋ ಯಂತ್ರದ ಸೆಳೆತಕ್ಕೋ ಸಿಲುಕಿ ಬೆಳಗಾಗುವುದರೊಳಗೆ ಇಲ್ಲವಾಗುತ್ತವೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆಯವರು ದ್ವೀಪದ ಮಹಿಳೆಯರಿಗೆ ಬೇರೆ ಜಾತಿಯ ಅಲಂಕಾರದ ಸೀಗಡಿಗಳನ್ನು ಮರಿಯಿಂದಲೇ ಬೆಳೆಸುವುದನ್ನು ಕಲಿಸಿದ್ದಾರೆ. ನಮ್ಮದಕ್ಕೆ ಪ್ರತ್ಯೇಕ ತೊಟ್ಟಿ, ಗಳಿಗೆಗಳಿಗೆಗೂ ಜೀವಂತ ಆಹಾರ ಬೇಕು. ರಜೆಯಲ್ಲಿ ಒಂದು ಕೈ ನೋಡುವೆನೆನ್ನುತ್ತಾಳೆ ಮಗಳು. ಮೊನ್ನೆ ಬೆಳಗ್ಗೆ ತಾಯಿಯವರು ಕನ್ನಡಕವನ್ನು ಒರೆಸಿಕೊಂಡು ಗಾಜಿಗೆ ಮುಖವಿಟ್ಟು ನೋಡಿ, ಈ ಸಲ ತತ್ತಿ ಹೊತ್ತಿರುವುದು ಎಡಮೀಸೆ ತುಂಡಾದದ್ದು ಎಂದು ಪತ್ತೆಹಚ್ಚಿ ಹೇಳಿದರು. ಸರಿಯಾಗಿತ್ತು.